ಹಿಂದಿನ ಸೀಟು

ಬೈಕನ್ನು ಎತ್ತರ ಮಾಡಿಸಿಕೊಳ್ಳಿ ಎಂದು ಮೊದಲು ಹೇಳಿದವಳು ಹೆಂಡತಿಯೇ. ಇದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದ್ದೆಲ್ಲ ಗಂಡನೊಬ್ಬನ ತಲೆಗೆ ಕಟ್ಟಿದಂತಾಗುತ್ತದೆ. ಅವನ ತಪ್ಪೇನೂ ಕಡಿಮೆಯದಲ್ಲ, ಆ ಮಾತು ಬೇರೆ.

ಅವನು ಇಪ್ಪತ್ತೆರಡು ವರ್ಷದಿಂದ ಒಂದೇ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ತುಂಡನ್ನು ಪಕ್ಕಕ್ಕೆಸೆದು ಬೇರೆಯದನ್ನು ಕಡೆಯುತ್ತಿದ್ದುದರಿಂದ ಅಲ್ಲಿನವರು ಅವನಿಗೆ ಮೈಕ್ರೋಮೀಟರ್ ಎಂದು ಹೆಸರಿಟ್ಟಿದ್ದರು. ಮನೆಯಲ್ಲೂ ಅದೇ ಪಾಡು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಮೂರು ಸಲ ಟೇಪು ಹಿಡಿಯುತ್ತಿದ್ದ. "ಹುಟ್ಟುವಾಗಲೂ ಅಳತೆ ನೋಡ್ಕೊಂಡೇ ಹೊರಗೆ ಬಂದ, ಅದಕ್ಕೇ ಎರಡು ದಿನ ತಡ ಆಯ್ತು," ಎನ್ನುತ್ತಿದ್ದಳು ಅವನ ತಾಯಿ. ಆಕೆ ಮಗನಿಗೆ ಅಮ್ಮ, ಸೊಸೆಗೆ ಅತ್ತೆ, ಉಳಿದ ಬೀದಿಗೆಲ್ಲ ಅಜ್ಜಿ. ಬಾಯಲ್ಲಿ ಹಲ್ಲು ಆರೇ ಉಳಿದಿದ್ದವು, ನಾಲಿಗೆ ಮಾತ್ರ ಸವೆದಿರಲಿಲ್ಲ.

ಹೆಂಡತಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಡಿಸುತ್ತಿದ್ದಳು. ಬೆಳಗ್ಗೆ ಆರೂ ಕಾಲಿಗೆ ಗಂಡನ ಬೈಕಿನ ಹಿಂದೆ ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಲಾಂಡ್ರಿಯ ಗೇಟು. ಅವಳನ್ನು ಇಳಿಸಿ ಅವನು ಕಾರ್ಖಾನೆಗೆ ಹೋಗುತ್ತಿದ್ದ. ಸಂಜೆಯ ಹೊತ್ತು ಇಬ್ಬರದೂ ಕೂಡಿಬರುತ್ತಿರಲಿಲ್ಲ, ಅವಳು ಬಸ್ಸಿನಲ್ಲಿ ಬರುತ್ತಿದ್ದಳು. ಹದಿನಾಲ್ಕು ವರ್ಷ ಹೀಗೇ ನಡೆದಿತ್ತು. ಮಗಳಿಗೆ ಹದಿಮೂರು. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

ಆ ವರ್ಷ ಕಾರ್ಖಾನೆಯ ನಾಲ್ವರು ಸೇರಿ ಒಂದು ಪ್ರವಾಸ ಗೊತ್ತುಮಾಡಿದರು. ರಸ್ತೆಯೇ ಇಲ್ಲದ ಕಲ್ಲುದಾರಿಯಲ್ಲಿ ಐದು ದಿನ ಬೈಕು ಓಡಿಸಿ, ಬೆಟ್ಟದ ತುದಿಯ ಒಂದು ಸರೋವರ ನೋಡಿ ಬರುವುದು. ಇಂಥ ದಾರಿಗಳನ್ನು ಎರಡು ಸಲ ಸುತ್ತಿ ಬಂದಿದ್ದವನನ್ನು ಉಳಿದವರು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ನಮ್ಮ ಮೈಕ್ರೋಮೀಟರ್ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಫೋನಿನಲ್ಲಿ ಆ ಸರೋವರದ ಚಿತ್ರ ನೋಡುತ್ತ ತುತ್ತು ಮರೆಯುತ್ತಿದ್ದ, ಅಷ್ಟೇ.

ನಾಲ್ಕನೆಯ ದಿನ ಹೆಂಡತಿ ಕೇಳಿದಳು. "ನೀವೂ ಹೋಗಿಬನ್ನಿ, ಅದಕ್ಕೇನು?"

"ನಮ್ಮ ಗಾಡಿ ಅಲ್ಲಿ ನಡೆಯಲ್ಲ. ಟಾರು ರಸ್ತೆ ಗಾಡಿ ಅದು. ಒಂದು ಕಲ್ಲು ಬಡಿದ್ರೆ ಎಂಜಿನ್ ಹೊಟ್ಟೆ ಒಡೆದುಹೋಗುತ್ತೆ."

"ಎತ್ತರ ಮಾಡಿಸ್ಕೊಳ್ಳಿ."

"ಸುಲಭಾನಾ?"

"ನಿಮಗೆ ಕಷ್ಟಾನಾ?"

ಆ ಒಂದು ಮಾತು ಸಾಕಾಯಿತು. ಮಾರನೆಯ ಭಾನುವಾರವೇ ಬೈಕು ಹಿತ್ತಿಲಿಗೆ ಬಂತು.

ವಾರವೆಲ್ಲ ಓಡಿಸುವುದು, ಭಾನುವಾರ ಬಿಚ್ಚುವುದು, ಸಂಜೆಯೊಳಗೆ ಮತ್ತೆ ಜೋಡಿಸುವುದು. ಹೀಗೆ ಐದು ಭಾನುವಾರ. ಮನೆಯವರೆಲ್ಲ ಕೈಹಾಕಿದರು. ಗುಬ್ಬಿ ನೋಟ್‌ಬುಕ್ಕಿನಲ್ಲಿ ಅಳತೆ ಬರೆದುಕೊಳ್ಳುತ್ತಿದ್ದಳು. ಅಜ್ಜಿ ಮುರಿದ ಕುರ್ಚಿಯಲ್ಲಿ ಕೂತು ಬೋಲ್ಟು ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ಮುಂದಿನ ಫೋರ್ಕಿಗೆ ಅವನೇ ಲೇತಿನಲ್ಲಿ ಕಡೆದ ತುಂಡು ಸೇರಿತು, ಹಿಂದೆ ಉದ್ದದ ಶಾಕ್ ಅಬ್ಸಾರ್ಬರ್ ಬಂತು. ಎಂಜಿನ್ನಿನ ಕೆಳಗೆ ದಪ್ಪ ಅಲ್ಯೂಮಿನಿಯಂ ತಟ್ಟೆ ಕೂತಿತು. ನುಣ್ಣನೆಯ ಟೈರು ಹೋಗಿ ಗಂಟುಗಂಟಿನ ಟೈರು ಬಂತು. ಸೈಲೆನ್ಸರು ಕೆಳಗಿದ್ದದ್ದು ಪಕ್ಕಕ್ಕೆ, ಮೇಲಕ್ಕೆ ಏರಿತು. ಪ್ರತಿ ಭಾನುವಾರ ಬೈಕು ಒಂದು ಬೆರಳಷ್ಟು ಎತ್ತರವಾಗುತ್ತ ಹೋಯಿತು. ಐದು ಅಡಿಗೆ ಎರಡು ಬೆರಳು ಕಡಿಮೆಯಿದ್ದ ಹೆಂಡತಿ ಸೋಮವಾರ ಗೇಟಿನ ಮೆಟ್ಟಿಲ ಮೇಲೆ ನಿಂತು, ಗಂಡನ ಹೆಗಲು ಹಿಡಿದು ಹತ್ತಿಕೊಳ್ಳುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಐದನೆಯ ಭಾನುವಾರ ತೂಕ ಇಳಿಸುವ ಸರದಿ. ಕಲ್ಲುದಾರಿಯಲ್ಲಿ ಒಂದೊಂದು ಕಿಲೋನೂ ಲೆಕ್ಕಕ್ಕೆ ಬರುತ್ತೆ ಎಂದು ಕ್ಯಾಪ್ಟನ್ ಹೇಳಿದ್ದ. ಉದ್ದನೆಯ ಸೀಟು ಬಿಚ್ಚಿದರು. ಅದರಡಿಯ ಚೌಕಟ್ಟಿನ ಬಾಲವನ್ನು ಮೋಟು ಮಾಡಿ, ಅಲ್ಲಿ ಚೀಲ ಕಟ್ಟುವ ಸಣ್ಣದೊಂದು ಕಂಬಿ ಬೆಸೆಯಬೇಕಿತ್ತು. ಅವನು ಅಳತೆ ನೋಡಿ ಸೀಮೆಸುಣ್ಣದ ಗೆರೆ ಎಳೆದ.

"ಗಟ್ಟಿ ಹಿಡ್ಕೋ, ಅಲುಗಬಾರದು," ಎಂದ.

ಅವಳು ಎರಡೂ ಕೈಯಲ್ಲಿ ಹಿಡಿದಳು. ಗ್ರೈಂಡರ್ ಕಿಡಿ ಹಾರಿಸುತ್ತ ಕೊಯ್ಯಿತು. ಬಾಲ ಕಳಚಿ ಅವಳ ಕೈಯಲ್ಲೇ ಉಳಿಯಿತು.

"ಇದನ್ನೆಲ್ಲಿಡಲಿ?"

"ಗುಜರಿ ಚೀಲಕ್ಕೆ ಹಾಕು. ಆ ಹಿಂದಿನ ಕಾಲೂರೋ ಕಂಬಿಗಳನ್ನೂ ಹಾಕಿಬಿಡು."

ಹಾಕಿದಳು. ಚೀಲದ ಬಾಯಿ ಕಟ್ಟಿ ಮೂಲೆಗಿಟ್ಟು ಬಂದು, ಕೈ ತೊಳೆದು ಎಲ್ಲರಿಗೂ ಚಹಾ ಮಾಡಿದಳು. ಸಂಜೆ ಗುಬ್ಬಿ ಲೆಕ್ಕ ಕೂಡಿಸಿ ಓದಿದಳು. ಒಟ್ಟು ಒಂಬತ್ತು ಕಿಲೋ ಇಳಿದಿತ್ತು. ಅವನು ಬೈಕಿನ ಸುತ್ತ ಮೂರು ಸುತ್ತು ಬಂದ. ಅಜ್ಜಿ ಕೂಡ ಚೆನ್ನಾಗಿದೆ ಎಂದಳು. ನಾಲ್ಕು ಜೋಡಿ ಕಣ್ಣು, ಒಂದು ಟೇಪು, ಒಂದು ನೋಟ್‌ಬುಕ್ಕು. ಯಾರಿಗೂ ಏನೂ ಹೊಳೆಯಲಿಲ್ಲ.

ಸೋಮವಾರ ಬೆಳಗ್ಗೆ ಅವನು ಬೈಕು ಶುರುಮಾಡಿ ಗೇಟಿನ ಬಳಿ ನಿಂತ. ಅವಳು ಊಟದ ಡಬ್ಬಿ ಹಿಡಿದು ಬಂದಳು. ಮೆಟ್ಟಿಲ ಮೇಲೆ ನಿಂತಳು, ಗಂಡನ ಹೆಗಲು ಹಿಡಿದಳು, ಬಲಗಾಲು ಎತ್ತಿದಳು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಕೂರುವುದಕ್ಕೆ ಜಾಗ ಇರಲಿಲ್ಲ.

ಅವನು ಹಿಂದೆ ತಿರುಗಿ ನೋಡಿದ. "ಅಯ್ಯೋ," ಎಂದ.

ಒಳಗಿಂದ ಹಣಕಿದ ಅಜ್ಜಿ ಆರು ಹಲ್ಲಿನ ಬಾಯಿಗೆ ಕೈಯನ್ನೇ ಅಡ್ಡ ಹಿಡಿದು ನಕ್ಕಳು. "ಒಂಬತ್ತಲ್ಲ ಕಣೇ ಗುಬ್ಬಿ, ಸರಿಯಾಗಿ ಬರ್ಕೋ. ಅರವತ್ತೊಂಬತ್ತು ಕಿಲೋ ಇಳಿಸಿದ್ದಾನೆ ನಿಮ್ಮಪ್ಪ!"

ಹೆಂಡತಿಯೂ ನಕ್ಕಳು. ಡಬ್ಬಿ ಹಿಡಿದು ಬಸ್ ನಿಲ್ದಾಣದ ಕಡೆ ಓಡಿದಳು. ತಿರುವಿನವರೆಗೂ ಅವಳು ನಗುತ್ತಲೇ ಇದ್ದಳು. ತಿರುವಿನಾಚೆ ಏನಾಯಿತೋ ನೋಡಿದವರಿಲ್ಲ.

ಬಸ್ಸಿನ ಲೆಕ್ಕವೇ ಬೇರೆ. ಐದೂವರೆಗೆ ಮನೆ ಬಿಡಬೇಕು, ಒಂದು ಬಸ್ಸಿಳಿದು ಇನ್ನೊಂದು ಹಿಡಿಯಬೇಕು. ಬೆಳಗಿನ ಕೆಲಸವೆಲ್ಲ ಕೈಯಿಂದ ಕೈಗೆ ಜಾರಿತು. ಚಹಾ ಅಜ್ಜಿಯ ಪಾಲಿಗೆ ಬಂತು. ಒಂದು ದಿನ ಸಕ್ಕರೆ ಎರಡು ಸಲ, ಇನ್ನೊಂದು ದಿನ ಇಲ್ಲವೇ ಇಲ್ಲ. ಗುಬ್ಬಿ ತಾನೇ ಜಡೆ ಹಾಕಿಕೊಂಡು ಹೋಗಿ ಶಾಲೆಯಲ್ಲಿ ಬೈಸಿಕೊಂಡು ಬಂದಳು. ಅವನು ಮೊಟ್ಟೆ ಬೇಯಿಸಲು ಇಟ್ಟು ಮರೆತು ಪಾತ್ರೆಯ ತಳ ಸುಟ್ಟ.

ಎರಡನೆಯ ವಾರ ಊಟದ ಹೊತ್ತಿಗೆ ಹೇಳಿದ, "ಪ್ರವಾಸ ಮುಗೀಲಿ, ಏನಾದ್ರೂ ಮಾಡ್ತೀನಿ. ಅಲ್ಲೀತನಕ ನಮ್ಮ ಕಾರ್ಖಾನೆ ಸ್ಟೋರಿನವನ ಹಳೇ ಸ್ಕೂಟರ್ ಇದೆ. ತಂದುಕೊಡ್ತೀನಿ, ನೀನೇ ಓಡಿಸ್ಕೊಂಡು ಹೋಗು."

"ನಾನು ಗಾಡಿ ಕೇಳಿದ್ನಾ?"

"ಮತ್ತೇನು ಬೇಕು?"

"ಏನೂ ಬೇಡ. ಅನ್ನ ಆರುತ್ತೆ, ಊಟ ಮಾಡಿ."

ಅವಳು ಎದ್ದು ಅಡುಗೆಮನೆಗೆ ಹೋದಳು. ಅಜ್ಜಿ ಮಗನ ತಟ್ಟೆಗೆ ಬೇಳೆ ಬಡಿಸುತ್ತ, "ದೊಡ್ಡ ಅಳತೆಗಾರ," ಎಂದಳು. "ಹೆಂಡತಿ ಮುಖದ ಅಳತೆ ಮಾತ್ರ ಗೊತ್ತಾಗಲ್ಲ."

"ಬಾಯಿ ಬಿಟ್ಟು ಹೇಳಿದ್ರಲ್ವಾ ಅಮ್ಮ ಗೊತ್ತಾಗೋದು?"

"ಬಾಯಿ ಬಿಟ್ಟು ಹೇಳಿದ್ರೆ ನನಗೂ ಗೊತ್ತಾಗುತ್ತೆ, ಪಕ್ಕದ ಮನೆಯೋರಿಗೂ ಗೊತ್ತಾಗುತ್ತೆ. ಅದಕ್ಕೆ ಗಂಡ ಅಂತ ನೀನ್ಯಾಕೆ?"

ಭಾನುವಾರ ಮಧ್ಯಾಹ್ನ ಅವಳು ಒಣಗಿದ ಹೊದಿಕೆಗಳನ್ನು ಮಡಿಸುತ್ತಿದ್ದಳು. ಅವನು ಹೋಗಿ ಇನ್ನೊಂದು ತುದಿ ಹಿಡಿದ. ಈ ಕೆಲಸದಲ್ಲಿ ಇಬ್ಬರೂ ಗಟ್ಟಿಗರು, ಅಂಚಿಗೆ ಅಂಚು ಕೂಡಲೇಬೇಕು. ಎರಡು ಹೊದಿಕೆ ಮುಗಿದವು.

"ಬಸ್ಸು ಅಷ್ಟು ಕಷ್ಟ ಆಗ್ತಿದೆಯಾ?"

"ಬಸ್ಸೇನು ಕಷ್ಟ? ಕೂರೋಕೆ ಸೀಟು ಸಿಗುತ್ತೆ."

"ಕುಟುಕಬೇಡ. ಏನಿದೆ ಹೇಳು."

ಅವಳು ಹೊದಿಕೆಯ ತುದಿಯನ್ನು ಎದೆಗೆ ಒತ್ತಿ ಹಿಡಿದಳು. "ಈ ಮನೇಲಿ ನಿಮ್ಮ ಹತ್ರ ಮಾತಾಡೋಕೆ ಎಲ್ಲಿ ಜಾಗ ಇದೆ ರೀ? ಅಡುಗೆಮನೇಲಿ ಅತ್ತೆ, ಹೊರಗಡೆ ಗುಬ್ಬಿ. ಮಲಗಿದ್ರೆ ನಿಮ್ಮ ತಲೆ ದಿಂಬಿಗೆ ತಾಗೋದಕ್ಕೂ ಗೊರಕೆಗೂ ಪುರುಸೊತ್ತಿಲ್ಲ. ಬೆಳಗ್ಗೆ ಆ ಇಪ್ಪತ್ತು ನಿಮಿಷ ಇತ್ತು. ನನ್ನ ಕಷ್ಟ ಸುಖ ಎಲ್ಲ ನಿಮಗೆ ಹೇಳಿದ್ದು ಅಲ್ಲೇ. ಹದಿನಾಲ್ಕು ವರ್ಷ. ಅದೂ ಹೋಯ್ತು. ಅದನ್ನ ನನ್ನ ಕೈಯಲ್ಲೇ ಹಿಡಿಸಿ ಕೊಯ್ದ್ರಿ."

ಇಷ್ಟಕ್ಕೆ ಅವನು ತಪ್ಪಾಯಿತು ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಪ್ರಾಣಿ ಸುಳ್ಳು ಹೇಳುವಂಥದ್ದಲ್ಲ. ಅಳತೆ ಎಷ್ಟಿದೆಯೋ ಅಷ್ಟೇ ಹೇಳುವ ಅಭ್ಯಾಸ.

"ಅಲ್ಲಿ ಗಾಳಿ ಕಣೇ," ಎಂದ. "ಮೇಲಿಂದ ಹೆಲ್ಮೆಟ್ ಬೇರೆ. ನೀನು ಹೇಳಿದ್ದರಲ್ಲಿ ನನಗೆ ಅರ್ಧಕ್ಕರ್ಧ ಕೇಳಿಸ್ತಾನೇ ಇರಲಿಲ್ಲ."

"ಏನು?"

"ಕೇಳಿಸ್ತಿರಲಿಲ್ಲ."

"ಹೂಂ ಅಂತಿದ್ರಲ್ಲ?"

"ನೀನು ಮಾತು ನಿಲ್ಲಿಸಿದಾಗ ಹೂಂ ಅಂತಿದ್ದೆ."

ಹೊದಿಕೆ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

"ಹೋದ ವರ್ಷ ಎದೇಲಿ ಗಂಟು ಇದೆ ಅಂತ ಡಾಕ್ಟ್ರು ಪರೀಕ್ಷೆಗೆ ಬರೆದುಕೊಟ್ಟಿದ್ದು ಕೇಳಿಸಿತ್ತಾ?"

ಅವನ ಮುಖದ ಬಣ್ಣ ಇಳಿಯಿತು. "ಯಾವ ಗಂಟು?"

"ಸೇತುವೆ ಮೇಲೆ ಹೇಳಿದ್ದೆ. ಮನೇಲಿ ಯಾರಿಗೂ ಹೇಳಿರಲಿಲ್ಲ, ನಿಮಗೊಬ್ರಿಗೇ ಹೇಳಿದ್ದು. 'ಆಗುತ್ತೆ ಬಿಡು, ಏನೂ ಆಗಲ್ಲ' ಅಂದ್ರಿ. ನನ್ನ ಗಂಡ ಎಷ್ಟು ಧೈರ್ಯವಾಗಿದ್ದಾರೆ, ನಾನ್ಯಾಕೆ ಅಳಲಿ ಅಂತ ಆ ಒಂದು ಮಾತು ಹಿಡ್ಕೊಂಡು ಹದಿನೈದು ದಿನ ಕಳೆದೆ."

"ಏನು ಹೇಳ್ತಿದ್ದೀಯ ಅಂತ ಗೊತ್ತಾಗದಿದ್ದಾಗೆಲ್ಲ ನಾನು ಹಾಗೇ ಅಂತಿದ್ದೆ," ಎಂದ ಅವನು. ಧ್ವನಿ ಅವನಿಗೇ ಕೇಳಿಸುವಂತಿರಲಿಲ್ಲ. "ಈಗ? ಈಗ ಹೇಗಿದೆ?"

"ಏನೂ ಇರಲಿಲ್ಲ. ರಿಪೋರ್ಟು ಚೆನ್ನಾಗೇ ಬಂತು. ಅದನ್ನೂ ಹೇಳಿದ್ದೆ. ಅದಕ್ಕೂ ಹೂಂ ಅಂದಿದ್ರಿ."

ಹೊದಿಕೆಯನ್ನು ಅವಳೊಬ್ಬಳೇ ಮಡಿಸಿಟ್ಟಳು. ಅಂಚುಗಳು ಕೂಡಲಿಲ್ಲ.

ಆ ಮೇಲೆ ಮನೆಯಲ್ಲಿ ಮಾತೆಲ್ಲ ಗುಬ್ಬಿಯ ಮೂಲಕ ನಡೆಯಿತು. "ನಿಮ್ಮಪ್ಪನ್ನ ಊಟಕ್ಕೆ ಕರಿ," "ನಿಮ್ಮಮ್ಮಂಗೆ ಗ್ಯಾಸ್ ಬಂದಿದೆ ಅಂತ ಹೇಳು." ಮೂರನೆಯ ದಿನ ಗುಬ್ಬಿಗೆ ರೇಗಿತು. "ಅಪ್ಪ, ಕ್ಯಾಪ್ಟನ್ ಅಂಕಲ್ ಹತ್ರ ಮಾತಾಡೋಕೆ ಹೆಲ್ಮೆಟ್ಟಿಗೆ ಮೈಕು ತಂದಿದ್ದೀರಲ್ಲ, ಅಮ್ಮಂಗೂ ಒಂದು ತನ್ನಿ. ನನಗಂತೂ ಸಾಕಾಯ್ತು."

"ಗಂಡ ಹೆಂಡ್ತಿ ಮಾತಾಡೋಕೂ ಮೈಕು ಬೇಕಾ?" ಎಂದು ಅಜ್ಜಿ ಗದರಿದಳು. ಆದರೆ ಅವಳ ಕೋಪ ಮಗನೊಬ್ಬನ ಮೇಲಿರಲಿಲ್ಲ. ಗೋಡೆಯಾಚೆಯಿಂದ ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಮರುದಿನ ನಸುಕಿನಲ್ಲಿ ಸೊಸೆ ಎದ್ದು ಬಂದಾಗ ಅಜ್ಜಿ ಆಗಲೇ ಒಲೆಯ ಮುಂದಿದ್ದಳು. ಡಬ್ಬಿ ಸಿದ್ಧವಾಗಿತ್ತು.

"ನನಗಾದ್ರೂ ಹೇಳಬಾರದಿತ್ತಾ?"

"ನಿಮಗೆ ಬಿಪಿ ಅತ್ತೆ."

"ಬಿಪಿ ಮನೆ ಹಾಳಾಗ. ಹದಿನೈದು ದಿನ ನನ್ನ ಪಕ್ಕದಲ್ಲೇ ತರಕಾರಿ ಹೆಚ್ಚಿದ್ದೀಯ. ನಾನು ಉಪ್ಪು ಕಮ್ಮಿ ಅಂತ ನಿನ್ನ ಬೈದಿರಬೇಕು." ಅಜ್ಜಿ ಸೊಸೆಯ ಕೆನ್ನೆಯನ್ನೊಮ್ಮೆ ಒರಟಾಗಿ ಸವರಿ ಡಬ್ಬಿ ಕೈಗಿಟ್ಟಳು. "ಹೋಗು, ಬಸ್ಸು ತಪ್ಪುತ್ತೆ."

ಅವನು ಗುಜರಿ ಚೀಲ ಬಿಚ್ಚಿದ್ದು ಅದೇ ವಾರ. ಕೊಯ್ದ ಬಾಲ ಮತ್ತೆ ಬೆಸೆಯಲು ಬರುವಂತಿರಲಿಲ್ಲ, ಹೊಸ ಕೊಳವೆ ಬಗ್ಗಿಸಬೇಕಿತ್ತು. ಶಿಫ್ಟು ಮುಗಿದ ಮೇಲೆ ಕಾರ್ಖಾನೆಯಲ್ಲೇ ಉಳಿದು ಬಗ್ಗಿಸಿಕೊಂಡು ಬಂದ. ಸೀಟಿಗೆ ದಪ್ಪ ಸ್ಪಂಜು ತಂದ. ಸೈಲೆನ್ಸರಿನ ಬಿಸಿ ಹಿಂದೆ ಕೂತವರ ಕಾಲಿಗೆ ತಾಗದಂತೆ ತಗಡು ಬಡಿದ. ಉದ್ದದ ಶಾಕ್ ಬಿಚ್ಚಿ ಹಳೆಯದನ್ನೇ ಹಾಕಿದ, ಮುಂದಿನ ತುಂಡುಗಳನ್ನೂ ತೆಗೆದ. ಬೈಕು ಮೂರು ಬೆರಳು ತಗ್ಗಿತು.

ಕ್ಯಾಪ್ಟನ್ ಬಂದು ಬಗ್ಗಿ ನೋಡಿ ತಲೆಯಾಡಿಸಿದ. "ನಿನಗೇನಾದ್ರೂ ತಲೆ ಕೆಟ್ಟಿದೆಯೇನೋ? ಇಷ್ಟು ತಗ್ಗಿದ್ರೆ ಕೊನೇ ಏರಿನಲ್ಲಿ ಕಲ್ಲು ಬಡಿಯುತ್ತೆ. ಪ್ರವಾಸ ಮುಗಿಸ್ಕೊಂಡು ಬಂದು ಮಾಡು."

"ಇಲ್ಲ, ಈಗಲೇ ಆಗಬೇಕು."

"ಹಾಗಾದ್ರೆ ಸರೋವರ ಮರೆತುಬಿಡು. ಬೆಟ್ಟದ ಬುಡದಲ್ಲಿ ಕೂತಿರು, ಪಾತ್ರೆ ಕಾಯೋಕೆ."

"ಆಯ್ತು, ಕಾಯ್ತೀನಿ," ಎಂದ.

ಹೆಂಡತಿ ಕಿಟಕಿಯಿಂದ ಕೇಳಿಸಿಕೊಂಡಳು. ಹೊಸ ಸೀಟಿಗೆ ಅಳತೆ ಬೇಕೆಂದು ಗುಬ್ಬಿ ಕೈಹಿಡಿದು ಎಳೆದಾಗ ಬಂದು ಕೂತಳು. ಅಜ್ಜಿ ಟೇಪು ಹಿಡಿದಳು. ಅವನು ನೆಲದಲ್ಲಿ ಕೂತು ಅವಳ ಪಾದ ಎಲ್ಲಿ ಊರಬೇಕೆಂದು ಗುರುತು ಹಾಕಿದ.

"ಸ್ಪ್ರಿಂಗು ಎಷ್ಟು ಬಿಗಿ ಮಾಡಬೇಕು ಅಂತ ಲೆಕ್ಕ ಹಾಕಬೇಕು. ತೂಕ ಎಷ್ಟು?"

"ಗುಬ್ಬಿ, ನಲವತ್ತೆಂಟು ಅಂತ ಹೇಳು."

ಗುಬ್ಬಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಆಕಾಶ ನೋಡಿದಳು. ಅವನು ನಲವತ್ತೆಂಟಕ್ಕೆ ಬಿಗಿ ಮಾಡಿದ. ಇಬ್ಬರೂ ಕೂತಾಗ ಬೈಕು ಎಲ್ಲರ ಕಣ್ಣೆದುರೇ ಕುಸಿಯಿತು. ಜೀವಮಾನದಲ್ಲಿ ಮೊದಲ ಸಲ ಮೈಕ್ರೋಮೀಟರ್ ಲೆಕ್ಕ ತಪ್ಪಿದ್ದಕ್ಕೆ ಯಾರನ್ನೂ ಏನೂ ಕೇಳಲಿಲ್ಲ. ಸುಮ್ಮನೆ ಇಳಿದು ಇನ್ನೆರಡು ಸುತ್ತು ಬಿಗಿ ಮಾಡಿದ. ಹೆಂಡತಿಯ ತುಟಿಯ ಕೊನೆ ಒಂದಿಷ್ಟು ಅಲುಗಿದ್ದನ್ನು ನೋಡಿದವಳು ಅಜ್ಜಿಯೊಬ್ಬಳೇ.

ಶನಿವಾರ ಅವನು ಹೊರಟ, ಬುಧವಾರ ಕೆಂಪು ಧೂಳಿನಲ್ಲಿ ಮಿಂದು ಬಂದ. ಊಟಕ್ಕೆ ಕೂತಾಗ ಅಜ್ಜಿ ಕೇಳಿದಳು, "ನೋಡಿದ್ಯಾ ಸರೋವರಾನ?"

"ಇಲ್ಲ. ನಾಲ್ಕು ದಿನದ ದಾರಿ ಪೂರ್ತಿ ಓಡಿಸಿದೆ. ಎರಡು ಹೊಳೆ ದಾಟಿದೆ. ಕೊನೇ ಏರು ಆಗಲಿಲ್ಲ. ಅವ್ರು ಹತ್ತಿ ಇಳಿದು ಬರೋತನಕ ಕೆಳಗೆ ಅನ್ನ ಮಾಡ್ಕೊಂಡು ಕೂತಿದ್ದೆ."

"ಐದು ಭಾನುವಾರ ಒದ್ದಾಡಿ, ಬೆಟ್ಟದ ಬುಡದಲ್ಲಿ ಅನ್ನ ಮಾಡಿ ಬಂದ್ಯಾ?"

"ಚೆನ್ನಾಗಿ ಆಗಿತ್ತಮ್ಮ, ಉದುರುದುರಾಗಿ."

ಗುಬ್ಬಿ ನಗುತ್ತ ಕುಡಿಯುತ್ತಿದ್ದ ನೀರನ್ನು ನೆತ್ತಿಗೆ ಹತ್ತಿಸಿಕೊಂಡಳು. ಹೆಂಡತಿ ಗಂಡನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಅಷ್ಟು ದಿನಕ್ಕೆ ಮೊದಲ ಸಲ ಗುಬ್ಬಿಯನ್ನು ಬಿಟ್ಟು ನೇರವಾಗಿ, "ಸುಸ್ತಾಗಿದ್ದೀರ, ಮಲಗಿ," ಎಂದಳು. ಅಷ್ಟೇ.

ಮಾರನೆಯ ಬೆಳಗ್ಗೆ ಐದೂವರೆಗೆ ಅವಳು ಬಸ್ಸಿಗೆ ಹೊರಡಲಿಲ್ಲ. ಅಜ್ಜಿಯೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುವಳೋ ಎಂದು ಇಬ್ಬರಿಗೂ ಹೆದರಿಕೆ. ಆರೂ ಕಾಲಿಗೆ ಅವಳು ಡಬ್ಬಿ ಹಿಡಿದು ಗೇಟಿಗೆ ಬಂದಳು. ಕಾಲೂರುವ ಕಂಬಿ ಅವಳ ಪಾದಕ್ಕೆ ಸರಿಯಾಗಿ ಸಿಕ್ಕಿತು. ಕೂತಳು.

ಬೀದಿ ದಾಟಿತು, ಮಾರುಕಟ್ಟೆ ದಾಟಿತು. ಹಿಂದಿನಿಂದ ಒಂದು ಮಾತೂ ಬರಲಿಲ್ಲ. ಕೇಳಿಸದವನಿಗೆ ಹೇಳಿ ಏನಾಗಬೇಕು? ಅವಳು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು, ಮುಚ್ಚಿದ ಅಂಗಡಿಗಳನ್ನು ಎಣಿಸುತ್ತ ಕೂತಿದ್ದಳು. ಸೇತುವೆಯ ನಡುವೆ ಬೈಕು ನಿಧಾನವಾಯಿತು. ಪಕ್ಕಕ್ಕೆ ಸರಿದು ನಿಂತಿತು. ಎಂಜಿನ್ ಆರಿತು.

"ಏನಾಯ್ತು? ಪಂಚರಾ?"

ಅವನು ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿದ. ಬೈಕಿನಿಂದ ಇಳಿದು ಅವಳ ಎದುರಿಗೆ ಬಂದು ನಿಂತ.

"ಈಗ ಹೇಳು," ಎಂದ.

"ಏನು ಹೇಳೋದು? ಲೇಟಾಗುತ್ತೆ, ನಡೀರಿ."

"ಆಗಲಿ. ಎಲ್ಲಾನೂ ಹೇಳು."

"ಹದಿನಾಲ್ಕು ವರ್ಷದ್ದು ಇದೆ. ಇಲ್ಲಿ ನಿಂತ್ಕೊಂಡು ಮುಗಿಯುತ್ತಾ?"

"ದಿನಾ ಒಂದಿಷ್ಟು ನಿಲ್ಲೋಣ. ಬೇಗ ಹೊರಡೋಣ." ಅವನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ತಾನು ಹಿಡಿದುಕೊಂಡ. "ಪರೀಕ್ಷೆ ದಿನ ಯಾರ ಜೊತೆ ಹೋಗಿದ್ದೆ?"

"ಒಬ್ಬಳೇ. ಕೆಲಸದ ಮಧ್ಯೆ ಒಂದು ಗಂಟೆ ಬಿಡುವು ಕೇಳಿಕೊಂಡು ಹೋದೆ. ನಮ್ಮ ಆಸ್ಪತ್ರೇನೇ ಅಲ್ವಾ? ನಾನು ಮಡಿಸಿದ ಬಟ್ಟೇನೇ ಹಾಸಿದ್ರು. ಅದರ ಮೇಲೆ ಮಲಗಿದ್ದೆ."

ಹಾಲಿನ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಅದು ಹೋಗುವತನಕ ಅವನು ಕಾದ.

"ಹೆದರಿಕೆ ಆಗಿತ್ತಾ?"

ಈ ಒಂದು ಪ್ರಶ್ನೆಯನ್ನು ಅವಳಿಗೆ ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳ ಮುಖ ಅಳಲು ಹೊರಟ ಮಗುವಿನ ಮುಖದಂತೆ ಮುದುಡಿತು.

"ತುಂಬಾ ಹೆದರಿಕೆ ಆಗಿತ್ತು ರೀ," ಎಂದಳು.